ಚಾಕುವಿನಲ್ಲಿ ಮುಖ ನೋಡಿಕೊಳ್ಳುವುದು ಹೇಗೆ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ಚಾಕು ಒಂದು, 1000, 3000, 8000 ನಂಬರಿನ ಸಾಣೆಕಲ್ಲು ಒಂದೊಂದು, ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ, ಅದಕ್ಕೆ ಬಳಿಯಲು ಹಸಿರು ಪೇಸ್ಟು, ಭಾನುವಾರ ಒಂದು. ಹುಳಿಗೆ ತರಕಾರಿ ಹೆಚ್ಚಬೇಕೆಂದು ಕಾಯುತ್ತಿರುವವರಿಗೆ ಈಳಿಗೆಮಣೆ ಕೊಟ್ಟು ಕೂರಿಸಿ, ಆಮೇಲೆ ಶುರು ಮಾಡಿ.

ಎಚ್ಚರಿಕೆ: ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು, "ಇದಕ್ಕೆ ಇಷ್ಟೆಲ್ಲಾ ಯಾಕೋ, ತಾ ಇಲ್ಲಿ" ಎಂದು ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಒರಟು ಬಳೆಗೆ ಚಾಕುವನ್ನು ನಾಲ್ಕು ಸಲ ಎಳೆದು ಕೊಡಬಹುದು. ಹರಿತವೂ ಆಗಿರುತ್ತದೆ. ಆ ಬಳೆಗೆ ಮೆರುಗಿನ ಲೇಪ ಇರುವುದಿಲ್ಲ, ಸುಟ್ಟ ಪಿಂಗಾಣಿ ಚಾಕುವಿನ ಉಕ್ಕಿಗಿಂತ ಗಟ್ಟಿ. ಒಪ್ಪಿಕೊಳ್ಳಬೇಡಿ. ಒಪ್ಪಿಕೊಂಡರೆ ಈ ಕೈಪಿಡಿಯ ಉಳಿದ ಭಾಗಕ್ಕೆ ಕೆಲಸವಿಲ್ಲ.

ಮೊದಲ ಹಂತ: 1000 ನಂಬರಿನ ಕಲ್ಲನ್ನು ಗುಳ್ಳೆ ಏಳುವುದು ನಿಲ್ಲುವ ತನಕ ನೀರಲ್ಲಿ ನೆನೆಸಿ. ಚಾಕುವನ್ನು 15 ಡಿಗ್ರಿ ಎತ್ತಿ ಹಿಡಿಯಿರಿ. ಅಲಗು ನಾಲ್ಕೂವರೆ ಸೆಂಟಿಮೀಟರ್ ಅಗಲವಿದ್ದರೆ ಅದರ ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲಿರಬೇಕು. ನಂಬಿಕೆ ಸಾಲದವರು ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒಂದೇ ಒಂದು ಸಲ ಎಳೆಯಿರಿ. ತುದಿಯ ಮಸಿ ಮಾತ್ರ ಹೋಗಿದ್ದರೆ ಚಾಕು ಜಾಸ್ತಿ ಎದ್ದಿದೆ, ಮೇಲಿನದು ಮಾತ್ರ ಹೋಗಿದ್ದರೆ ಜಾಸ್ತಿ ಮಲಗಿದೆ. ಅಷ್ಟೂ ಅಳಿಸಿ ಹೋಗಿದ್ದರೆ ಯಾರನ್ನಾದರೂ ಕರೆದು ತೋರಿಸಿ. ಯಾರೂ ಬರುವುದಿಲ್ಲ, ಮುಂದುವರಿಸಿ.

ಒಂದು ಬದಿ ಮಸೆಯುತ್ತಾ ಹೋದಂತೆ ಇನ್ನೊಂದು ಬದಿಗೆ ಉಕ್ಕಿನ ಸಣ್ಣ ಸಿಬಿರು ಹೊರಳುತ್ತದೆ. ಕಣ್ಣಿಗೆ ಕಾಣದು, ಹೆಬ್ಬೆರಳಿಗೆ ಸಿಗುತ್ತದೆ. ಬೆರಳನ್ನು ಅಲಗಿನ ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಸವರಿ ನೋಡಬೇಕು. ಅಂಚಿನ ಉದ್ದಕ್ಕೆ ಸವರಿದವರು ಮೊದಲು ಅರಿಸಿನ ಹುಡುಕಲಿ. ಸಿಬಿರು ಹಿಡಿಯಿಂದ ಮೊನೆಯವರೆಗೂ ತಾಗಿದರೆ ಮಾತ್ರ ಚಾಕು ಮಗುಚಿ.

ಮುಂದಿನ ಹಂತದಲ್ಲಿ ಎಲ್ಲರೂ ಎಡವುವುದು ಅವಸರದಿಂದ. 3000ದ ಕಲ್ಲು ಇರುವುದು 1000ದ ಗೀರು ಅಳಿಸಲಿಕ್ಕೆ, 8000ದ್ದು 3000ದ ಗೀರು ಅಳಿಸಲಿಕ್ಕೆ. 1000ದ ಕಲ್ಲಿನ ಕಣ ಹತ್ತು ಹದಿನೈದು ಮೈಕ್ರಾನ್, 8000ದ್ದು ಒಂದೆರಡು ಮೈಕ್ರಾನ್. ನಡುವೆ ಒಂದು ಆಳದ ಗೀರು ಉಳಿದುಬಿಟ್ಟರೆ ಸಣ್ಣ ಕಲ್ಲು ಅದರ ಎರಡು ದಡಕ್ಕೆ ಹೊಳಪು ಕೊಡುತ್ತದೆಯೇ ಹೊರತು ಗೀರನ್ನು ಮುಟ್ಟುವುದಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅದು ಎದ್ದು ಕಾಣುತ್ತದೆ. ಹಿಂದಿನ ಕಲ್ಲಿಗೆ ಹೋಗಿ. ಊಟಕ್ಕೆ ಕರೆದರೆ "ಬಂದೆ" ಅನ್ನಿ.

ಕೊನೆಗೆ ಚರ್ಮ. ಹಸಿರು ಪೇಸ್ಟಿನಲ್ಲಿರುವುದು ಕ್ರೋಮಿಯಂ ಆಕ್ಸೈಡ್, ಕಣ ಸುಮಾರು ಅರ್ಧ ಮೈಕ್ರಾನ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವೂ ಹೆಚ್ಚುಕಡಿಮೆ ಅಷ್ಟೇ, 0.4ರಿಂದ 0.7 ಮೈಕ್ರಾನ್. ಉಕ್ಕಿನ ಏರುತಗ್ಗು ಅದಕ್ಕಿಂತ ಎಷ್ಟೋ ಕಡಿಮೆಯಾದಾಗ ಬೆಳಕು ಚದುರದೆ ನೇರ ಹಿಂತಿರುಗುತ್ತದೆ, ಕನ್ನಡಿ ಆಗುತ್ತದೆ. ಚಾಕುವನ್ನು ಬೆನ್ನು ಮುಂದಾಗಿ ಎಳೆಯಿರಿ. ಅಂಚು ಮುಂದಾದರೆ ಚರ್ಮ ಎರಡು ತುಂಡು.

ಪರೀಕ್ಷೆ: ಮುಂಗೈ ಕೂದಲು ಬೋಳಿಸಿ ನೋಡುವುದು ವಾಡಿಕೆ. ಈ ಹವ್ಯಾಸದವರು ಮೇ ತಿಂಗಳಲ್ಲೂ ತುಂಬುತೋಳು ತೊಡುವುದು ಇದಕ್ಕೇ. ಟೊಮೆಟೊ ಮೇಲೂ ಪರೀಕ್ಷಿಸಬಹುದು, ಆದರೆ ಕೂಡಲೇ ಮುಗಿಸಿಬಿಡಿ. ಕನ್ನಡಿ ಅಂಚು ನಾಲ್ಕು ದಿನ ಬಳಸಿದ ಮೇಲೆ ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗುತ್ತದೆ. 1000ದ ಕಲ್ಲು ಬಿಟ್ಟ ಸಣ್ಣ ಹಲ್ಲುಗಳು ಸಿಪ್ಪೆ ಕಚ್ಚುತ್ತಿದ್ದವು, ನೀವೇ ಕೂತು ಅವನ್ನು ತೆಗೆದಿದ್ದೀರಿ. ಅದೇ ಕಲ್ಲಿನ ಮೇಲೆ ಹಗುರವಾಗಿ ಎರಡೆರಡು ಸಲ ಎಳೆದರೆ ಚಾಕು ಮತ್ತೆ ಸರಿಹೋಗುತ್ತದೆ, ಕನ್ನಡಿ ಹೋಗುತ್ತದೆ. ನನ್ನನ್ನು ಕೇಳಿದರೆ ಅಡುಗೆಮನೆಗೆ 1000 ಸಾಕು. ಕನ್ನಡಿ ಬೇಕಾದದ್ದು ಕ್ಷೌರದ ಕತ್ತಿಗೆ, ಬಡಗಿಯ ಉಳಿಗೆ. ಆದರೆ ಕೈಪಿಡಿ ಬರೆಯುವವರನ್ನು ಯಾರೂ ಹಾಗೆಲ್ಲ ಕೇಳುವುದಿಲ್ಲ.

ವಾರಂಟಿ: ಸ್ಟೀಲ್ ತಟ್ಟೆಯ ಮೇಲೆ ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚಿದರೆ ರದ್ದು. ಡಬ್ಬದ ಮುಚ್ಚಳ ಮೀಟಿದರೆ ರದ್ದು. ಕರಟದಿಂದ ಕಾಯಿ ಎಬ್ಬಿಸಿ ಅಂಚಿನ ಚಕ್ಕೆ ಎದ್ದಿದ್ದರೆ 400 ನಂಬರಿನ ಕಲ್ಲು ಬೇಕಾಗುತ್ತದೆ. ಅದನ್ನು ಬೇರೆಯಾಗಿ ಕೊಳ್ಳತಕ್ಕದ್ದು.