ಗುರಿ ಕೇಳಿದ ಸಾಹೇಬರಿಗೊಂದು ಬಹಿರಂಗ ಪತ್ರ

ಇವರಿಂದ:
ಮನೆ ಭಾಲ್ಕಿಯಲ್ಲಿ, ನೌಕರಿ ಔರಾದ ತಾಲ್ಲೂಕಿನಲ್ಲಿ, ತರಬೇತಿ ಬೀದರ್ ನಗರದಲ್ಲಿ ಎಂದು ಮೂರು ಕಡೆ ಹಂಚಿಹೋದ ಒಬ್ಬ ಸಾಲಿ ಮಾಸ್ತರ

ಇವರಿಗೆ:
ಗುರಿ ಕೇಳಿದ ಸಾಹೇಬರು
(ಯಾವ ಕಚೇರಿ ಎಂದು ಸಂದೇಶದಲ್ಲಿ ನಮೂದಿಸಿರುವುದಿಲ್ಲ)

ವಿಷಯ: 2026ನೇ ಸಾಲಿನ ನನ್ನ ಡಿಜಿಟಲ್ ಗುರಿಗಳನ್ನು ಸಲ್ಲಿಸುವ ಕುರಿತು.

ಉಲ್ಲೇಖ: ಡಿಸೆಂಬರ್ 31ರ ರಾತ್ರಿ ವಾಟ್ಸಾಪ್ ಗುಂಪಿಗೆ ಬಂದ ತಮ್ಮ ಸಂದೇಶ, ಹಾಗೂ ಅದರ ಕೆಳಗೆ ಸಾಲುಗಟ್ಟಿದ ಕೈಮುಗಿಯುವ ಚಿತ್ರಗಳು.

ಮಾನ್ಯರೇ,

ಊರ ಹುಡುಗರು ಕೇಕು ಕೊಯ್ಯುವ ಹೊತ್ತಿಗೆ ಸರಿಯಾಗಿ ತಮ್ಮ ಅಪ್ಪಣೆ ಬಂತು. ಎಲ್ಲ ಶಿಕ್ಷಕರೂ ಹೊಸ ವರ್ಷದ ಐದು ತಂತ್ರಜ್ಞಾನ ಗುರಿಗಳನ್ನು ನಾಳೆ ಸಂಜೆ ಐದರೊಳಗೆ ನಿಗದಿತ ನಮೂನೆಯಲ್ಲಿ ತಪ್ಪದೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ತಾವೇ ಹೊಣೆ. ಕನಸು ಕಾಣದಿದ್ದರೆ ಕಾರಣ ಕೇಳಿ ನೋಟಿಸು ಬರುವ ನೌಕರಿ ಇದೊಂದೇ ಇರಬೇಕು. ನಮೂನೆ ತೆರೆದು ನೋಡಿದೆ. ಶಾಲೆಯ ಯು-ಡೈಸ್ ಸಂಖ್ಯೆ, ಶಿಕ್ಷಕರ ಕೆಜಿಐಡಿ ಸಂಖ್ಯೆ, ಗುರಿ, ಸ್ಥಳೀಯ ಬೆಸ್ಟ್ ಪ್ರಾಕ್ಟೀಸ್, ಗುರಿ ಮುಟ್ಟಿದ ಫೋಟೊ. ಗುರಿ ಹಾಕಿಕೊಳ್ಳುವ ದಿನವೇ ಅದು ಮುಟ್ಟಿದ ಫೋಟೊ ಕೇಳಿದ ತಮ್ಮ ವೇಗಕ್ಕೆ ಮೊದಲು ನನ್ನ ನಮಸ್ಕಾರ. ಮಕ್ಕಳಿಗೆ ಕಾಲಂ ಇಲ್ಲದ್ದನ್ನು ಗಮನಿಸಿದೆ. ಜಾಗ ಸಾಲದೆ ಹೋಗಿರಬಹುದು. ಇನ್ನು ಗುರಿಗಳು.

ಗುರಿ ಒಂದು: ಸ್ಮಾರ್ಟ್ ಬೋರ್ಡಿಗೆ ಮಕ್ಕಳನ್ನು ಪರಿಚಯ ಮಾಡಿಸುವುದು.

ನಮ್ಮ ಸ್ಮಾರ್ಟ್ ಬೋರ್ಡು ಹೆಡ್ ಮಾಸ್ತರ ಕೋಣೆಯಲ್ಲಿ, ಬಿಸಿಯೂಟದ ಅಕ್ಕಿ ಚೀಲಗಳ ಪಕ್ಕದಲ್ಲಿ, ಹೂವಿನ ಚಾದರ ಹೊದ್ದು ಸುಖವಾಗಿದೆ. ಅದು ಬಂದಾಗ ವೈರಿಂಗ್ ಇರಲಿಲ್ಲ. ವೈರಿಂಗ್ ಆಗುವ ಹೊತ್ತಿಗೆ ವಾರಂಟಿ ಮುಗಿದಿತ್ತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದಾಗ ಬಿಲ್ಲಿನ ಚಿಂತೆಯೇನೋ ಹೋಯಿತು, ಕರೆಂಟಿನ ಚಿಂತೆ ಉಳಿಯಿತು. ದೊಡ್ಡವರು ತಪಾಸಣೆಗೆ ಬಂದ ದಿನ ಚಾದರ ತೆಗೆಯುತ್ತೇವೆ, ಎರಡು ಜಡೆಯ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸುತ್ತೇವೆ, ಬೆರಳು ಬೋರ್ಡಿನ ಮೇಲೆ ಇಡಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಕಳೆದ ಸಲ ಆ ಹುಡುಗಿ ಕೇಳಿಯೇಬಿಟ್ಟಳು: "ಸರ್, ಇದು ಖರೇ ಖರೇ ಯಾವಾಗ ಚಾಲೂ ಆತದ್ರಿ?"

ಹೆಡ್ ಮಾಸ್ತರರನ್ನು ದೂರಬೇಡಿ. ಅವರು ಲೆಕ್ಕ ಬಲ್ಲವರು. ಆ ಬೋರ್ಡು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಹೆಸರಿಗಿದೆ. ಕಳುವಾದರೆ, ಒಡೆದರೆ ಅವರ ಪಗಾರದಿಂದ ವಸೂಲಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಯಾರ ಪಗಾರಕ್ಕೂ ಕೈ ಬೀಳುವುದಿಲ್ಲ. ಹೀಗಿರುವಾಗ ಯಾವ ಜಾಣ ಅದನ್ನು ಮಕ್ಕಳ ಕೈಗೆ ಕೊಟ್ಟಾನು? ಆ ರಿಜಿಸ್ಟರಿಗೆ ಹೆಸರಿಟ್ಟ ಪುಣ್ಯಾತ್ಮನಿಗೆ ಭವಿಷ್ಯ ಗೊತ್ತಿತ್ತು.

ಈ ಬೋರ್ಡಿಗೂ ಹಿಂದೆ ಪಾಠ ಸೀದಾ ಆಕಾಶದಿಂದಲೇ ಬರುತ್ತದೆ ಎಂದಿದ್ದರು. ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಹಾರಿತು, 2010ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಆರು ವರ್ಷಕ್ಕೇ ನಿವೃತ್ತಿ, ಅದಕ್ಕೆ ಒಂದು ದಿನವೂ ಚುನಾವಣಾ ಡ್ಯೂಟಿ ಬೀಳಲಿಲ್ಲ. ಅಂಥ ಭಾಗ್ಯ ನಮಗಿಲ್ಲ.

ಗುರಿ ಎರಡು: ದಿನವಿಡೀ ಒಂದೇ ರಾಜ್ಯದಲ್ಲಿ ಹಾಜರಿರುವುದು.

1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಉದಗೀರದ ಕಡೆಯದು ಮುಂಬೈ ರಾಜ್ಯಕ್ಕೆ, ಜಹೀರಾಬಾದಿನ ಕಡೆಯದು ಆಂಧ್ರಕ್ಕೆ, ನಾವು ಮೈಸೂರಿಗೆ. ಆ ಹಂಚಿಕೆಯನ್ನು ಮೊಬೈಲ್ ಟವರುಗಳು ಇನ್ನೂ ಒಪ್ಪಿಲ್ಲ. ಸಾಲಿಯ ಬೇವಿನ ಮರದ ಬುಡಕ್ಕೆ ನಿಂತರೆ ಫೋನು ಮಹಾರಾಷ್ಟ್ರಕ್ಕೆ ಸ್ವಾಗತ ಕೋರುತ್ತದೆ. ಅಡುಗೆ ಕೋಣೆಯ ಮಾಳಿಗೆ ಹತ್ತಿದರೆ ಕರ್ನಾಟಕ ಒಂದು ಕಡ್ಡಿಯಷ್ಟು ಸಿಗುತ್ತದೆ. ಒಂದು ದಿನ ಹಾಜರಿಯ ಆ್ಯಪೊಂದು ನನ್ನನ್ನು ಗಡಿಯಾಚೆ ಮಹಾರಾಷ್ಟ್ರದ ದೇಗಲೂರಿನಲ್ಲಿ ಪತ್ತೆ ಹಚ್ಚಿತು. ನಾನು ಆಗ ಮೂರನೆಯ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಇಪ್ಪತ್ತು ಮಕ್ಕಳು ಸಾಕ್ಷಿ ನುಡಿಯಲು ಸಿದ್ಧರಿದ್ದರು, ಆದರೆ ಅವರ ಮಾತನ್ನು ಅಪ್‌ಲೋಡ್ ಮಾಡಲು ಜಾಗ ಇರಲಿಲ್ಲ.

ಈ ಮಕ್ಕಳು ಮನೆಯಲ್ಲಿ ಮರಾಠಿ ಆಡುತ್ತಾರೆ, ತಾಂಡಾದಿಂದ ಬಂದವರು ಲಂಬಾಣಿ, ಕೆಲವರು ಉರ್ದು, ಒಬ್ಬಿಬ್ಬರು ತೆಲುಗು. ಸಾಲಿಗೆ ಬಂದು ಕನ್ನಡ ಕಲಿಯುತ್ತಾರೆ. ನನಗೆ ಮಾತ್ರ ಆ್ಯಪ್ ಇಂಗ್ಲಿಷಿನಲ್ಲಿ ಬೈಯುತ್ತದೆ.

ಗುರಿ ಮೂರು: ವಾರಕ್ಕೊಂದು ಬ್ಲಾಗ್ ಬರೆಯುವುದು, ಕೃತಕ ಬುದ್ಧಿಮತ್ತೆ ಬಳಸುವುದು.

ಬ್ಲಾಗಿನಲ್ಲಿ ತರಗತಿಯ ಅನುಭವ ಹಂಚಿಕೊಳ್ಳಿ ಎಂದಿದ್ದೀರಿ. ಇದ್ದದ್ದು ಇದ್ದ ಹಾಗೆ ಬರೆದರೆ ಶಿಸ್ತುಕ್ರಮ, ಇಲ್ಲದ್ದನ್ನು ಬರೆದರೆ ಉತ್ತಮ ಶಿಕ್ಷಕ ಪ್ರಶಸ್ತಿ. ಎರಡರ ನಡುವೆ ಹವಾಮಾನದ ಬಗ್ಗೆ ಬರೆಯಬಹುದು. ಕೃತಕ ಬುದ್ಧಿಮತ್ತೆ ಈ ಇಕ್ಕಟ್ಟು ಬಿಡಿಸಿದೆ. ಪಾಠ ಯೋಜನೆಯನ್ನು ನನ್ನ ಪರವಾಗಿ ಅದು ಬರೆಯುತ್ತದೆ, ತಮ್ಮ ಪರವಾಗಿ ಅದೇ ಓದುತ್ತದೆ, ಚೆನ್ನಾಗಿದೆ ಎಂದು ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತಾವು ಅಲ್ಲಿ, ನಾನು ಇಲ್ಲಿ ಚಹಾ ಕುಡಿಯಬಹುದು.

ಒಂದು ತೊಡಕಿದೆ. ಜಲಚಕ್ರದ ಪಾಠಕ್ಕೆ ಚಟುವಟಿಕೆ ಕೇಳಿದರೆ, ಮಕ್ಕಳನ್ನು ಹತ್ತಿರದ ಕಡಲತೀರಕ್ಕೆ ಕರೆದೊಯ್ಯಿರಿ ಎಂದಿತು. ಔರಾದಿನಿಂದ ಹತ್ತಿರದ ಕಡಲು ಯಾವುದೆಂದು ಅದಕ್ಕೆ ತೋಚಿದ್ದರೆ ಅದೂ ವರ್ಗಾವಣೆ ಕೇಳುತ್ತಿತ್ತು. ನಮಗೆ ಮಾಂಜ್ರಾ ನದಿಯಿದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿಯಿದೆ. ನೆಲದೊಳಗೆ ಕಾಲುವೆ ಕೊರೆದು, ಗಾಳಿ ಬೆಳಕಿಗೆಂದು ಅಲ್ಲಲ್ಲಿ ಬಾವಿಗಳನ್ನು ತೋಡಿ, ಬಿಸಿಲಿಗೆ ಆರದಂತೆ ಊರಿಗೆ ನೀರು ತಂದ ಕರೇಜ್ ಅದು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದರೆ ನಾನು ಕೇಳದಿದ್ದರೂ ಬ್ಲಾಗು ತಾನಾಗಿ ಬರೆಯಿಸಿಕೊಳ್ಳುತ್ತದೆ. ಆದರೆ ಬಸ್ಸಿನ ಖರ್ಚಿಗೆ ಅನುಮತಿ ಕೇಳಿದ ಪತ್ರ ಇನ್ನೂ ಮೇಜಿನಿಂದ ಮೇಜಿಗೆ ಪ್ರವಾಸ ಮಾಡುತ್ತಿದೆ. ಸದ್ಯಕ್ಕೆ ಅದೊಂದೇ ಶೈಕ್ಷಣಿಕ ಪ್ರವಾಸ.

ಗುರಿ ನಾಲ್ಕು: ಪರೀಕ್ಷೆಯ ದಿನಗಳ ನೆಟ್‌ವರ್ಕನ್ನು ಹಿಡಿದು ಡಬ್ಬಿಯಲ್ಲಿ ತುಂಬಿಡುವುದು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಕಾಯಲು ನಮ್ಮನ್ನೂ ಕರೆಯುತ್ತಾರೆ. 2024ರಲ್ಲಿ ಅಲ್ಲಿ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ನಕಲು ನಿಲ್ಲಬೇಕಿತ್ತು, ಅದರಲ್ಲಿ ತಕರಾರಿಲ್ಲ. ಕ್ಯಾಮೆರಾ ಒಂದು ಸತ್ಯ ಹೇಳಿತು: ಮಕ್ಕಳಿಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನೋಡಲು ಜೂನ್ ತಿಂಗಳಲ್ಲಿ ಅದೇ ಕ್ಯಾಮೆರಾವನ್ನು ಖಾಲಿ ಇರುವ ಶಿಕ್ಷಕರ ಕುರ್ಚಿಯ ಕಡೆ ತಿರುಗಿಸುವವರು ಯಾರೂ ಇರಲಿಲ್ಲ.

ನನಗೆ ಅಚ್ಚರಿಯಾದದ್ದು ಬೇರೆ. ಕಾಯುವ ಯಂತ್ರಕ್ಕೆ ಬೇಕಾದ ಕರೆಂಟು, ನೆಟ್, ತಂತಿ ಎಳೆಯುವ ಹುಡುಗ, ಎಲ್ಲವೂ ಗಡುವಿನೊಳಗೆ ಬಂದವು. ಕಲಿಸುವ ಯಂತ್ರ ಕೆಟ್ಟರೆ ಅದೇ ಹುಡುಗ ಯಾವ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ಆದಕಾರಣ ಈ ವರ್ಷ ಪರೀಕ್ಷಾ ಕೇಂದ್ರಕ್ಕೆ ಹೋಗುವಾಗ ಒಂದು ಖಾಲಿ ಡಬ್ಬಿ ಒಯ್ಯುತ್ತೇನೆ.

ಮುಂದಿನ ಕಾಲಂ: ಸ್ಥಳೀಯ ಬೆಸ್ಟ್ ಪ್ರಾಕ್ಟೀಸ್.

ಇದರಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರಿಲ್ಲ. ಎರಡನ್ನು ಬರೆಯುತ್ತೇನೆ.

ಮೊದಲನೆಯದು ಬೀದರ್ ನಗರದಲ್ಲಿ. ಬಹಮನಿ ವಜೀರ ಖ್ವಾಜಾ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದರಸಾ. ಮೂರು ಅಂತಸ್ತು, ಬಣ್ಣದ ಬಿಲ್ಲೆ ಹೊದಿಸಿದ ಗೋಡೆ, ಪಾಠದ ಹಜಾರಗಳು, ಗುರುಗಳಿಗೂ ಮಕ್ಕಳಿಗೂ ಅಲ್ಲೇ ವಸತಿ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ, ಚಾದರ ಹೊದಿಸಿದ್ದರು ಎಂದು ಮಾತ್ರ ಯಾರೂ ಬರೆದಿಲ್ಲ. ಗವಾನರ ಅಂತ್ಯ ನಮ್ಮಂಥ ನೌಕರರಿಗೆ ದೊಡ್ಡ ಪಾಠ. ದರ್ಬಾರಿನ ವೈರಿಗಳು ಅವರ ಮೊಹರನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಆಮೇಲೆ ತಮಗೆ ಬೇಕಾದ ರಾಜದ್ರೋಹವನ್ನು ತುಂಬಿದರು. 1481ರಲ್ಲಿ ಸುಲ್ತಾನ ಅವರ ತಲೆ ತೆಗೆಸಿದ. "ಮಾಸ್ತರೇ, ಖಾಲಿ ಫಾರ್ಮಿಗೆ ಸಹಿ ಹಾಕಿ ಕಳಿಸಿರಿ, ಅಂಕಿ ನಾವು ತುಂಬಿಕೋತೀವಿ" ಎಂದು ಫೋನು ಬಂದಾಗಲೆಲ್ಲ ನನ್ನ ಕೈ ಕುತ್ತಿಗೆಗೆ ಹೋಗುತ್ತದೆ.

ಮದರಸಾದ ಮುಂಭಾಗದ ಒಂದು ಮಿನಾರು ಮಾತ್ರ ಇಂದು ನಿಂತಿದೆ. ಮೊಗಲರ ಕಾಲದಲ್ಲಿ ಆ ಓದುವ ಮನೆಯಲ್ಲಿ ಸಿಪಾಯಿಗಳನ್ನು ಇಟ್ಟರು, ಮದ್ದು ತುಂಬಿದರು. ಹದಿನೇಳನೆಯ ಶತಮಾನದ ಕೊನೆಗೆ ಮದ್ದು ಸಿಡಿದು ಅರ್ಧ ಕಟ್ಟಡ ಹೋಯಿತು. ಪಾಠಕ್ಕೆಂದು ಇದ್ದದ್ದನ್ನು ಬೇರೆ ಕೆಲಸಕ್ಕೆ ಹಚ್ಚುವ ರೂಢಿ ಮಾತ್ರ ಹೋಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಫೋನು ಹಿಡಿದು ಮನೆ ಮನೆ ತಿರುಗಿದವರು ನಾವೇ. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ರಾಜ್ಯದ ಶೈಕ್ಷಣಿಕ ಸ್ಥಿತಿ ತಿಳಿಯಲು ಶಾಲೆ ಮುಚ್ಚಿದ್ದು ಬಹಳ ವೈಜ್ಞಾನಿಕ ವಿಧಾನ. ಮಕ್ಕಳು ಪೂರ್ಣ ಸಹಕಾರ ನೀಡಿದರು.

ಎರಡನೆಯದು ಭಾಲ್ಕಿಯದು. ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ, ಉರ್ದುವಿನ ದರ್ಬಾರಿನ ನಡುವೆ, ಕನ್ನಡ ಸಾಲಿ ನಡೆಸಿದವರು. 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಹುಟ್ಟುಹಾಕಿದರು. ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಸರ್ಕಾರಕ್ಕೆ ಬೇಕಾದದ್ದು ಬೋರ್ಡಿನ ಮೇಲೆ, ಮಗುವಿಗೆ ಬೇಕಾದದ್ದು ಹಲಗೆಯ ಮೇಲೆ. ಆ ವಿದ್ಯೆಯನ್ನು ನಾವು ಉಳಿಸಿಕೊಂಡಿದ್ದೇವೆ, ಒಳಗಿನದನ್ನು ಹೊರಗೆ ಮಾಡಿದ್ದೇವೆ ಅಷ್ಟೆ. ಈಗ ನಮ್ಮ ಗೇಟಿನ ಬೋರ್ಡಿನ ಮೇಲೆ ಪಾಠವಿದೆ, ಒಳಗೆ ವರದಿ ನಡೆಯುತ್ತಿದೆ. ಪಟ್ಟದ್ದೇವರು ಅಂದು ಆಳುವವರ ಕಣ್ಣು ತಪ್ಪಿಸಿ ಕಲಿಸಿದರು. ಇಂದು ಹತ್ತು ನಿಮಿಷ ಕಲಿಸಬೇಕಾದರೆ ನಾನೂ ಫೋನು ಸೈಲೆಂಟ್ ಮಾಡಿ ಕಿಟಕಿಯಲ್ಲಿ ಇಡಬೇಕಾಗುತ್ತದೆ.

ಗುರಿ ಐದು: ಮಕ್ಕಳ ಕೈಗೆಟುಕುವ ತಂತ್ರಜ್ಞಾನವೊಂದನ್ನು ಮರಳಿ ಚಾಲೂ ಮಾಡುವುದು.

ಇದೊಂದನ್ನು ನಿಜಕ್ಕೂ ಬರೆದಿದ್ದೇನೆ, ತಾವು ನಗಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ನಲಿ ಕಲಿಯನ್ನು ಆರಂಭಿಸಿದರು. ರಟ್ಟಿನ ಕಾರ್ಡುಗಳು, ಗೋಡೆಯ ಮೇಲೊಂದು ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ. ಮಗು ತಾನು ಏಣಿಯ ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡುತ್ತದೆ, ತನ್ನ ಕಾರ್ಡು ತಾನೇ ಎತ್ತಿಕೊಳ್ಳುತ್ತದೆ, ಆ ಕಾರ್ಡಿನ ಗುಂಪಿಗೆ ಹೋಗಿ ಕೂರುತ್ತದೆ. ಕಬ್ಬು ಕಡಿಯಲು ಹೋದ ಅವ್ವ ಅಪ್ಪನ ಜೊತೆ ತಿಂಗಳುಗಟ್ಟಲೆ ತಾಂಡಾ ಬಿಟ್ಟಿದ್ದ ಮಗು ಮರಳಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಪಾಸ್‌ವರ್ಡ್ ಬೇಡ, ಓಟಿಪಿ ಬೇಡ. ನಮ್ಮ ಸಾಲಿಯ ಕಾರ್ಡುಗಳು ಮೂಲೆ ಹರಿದು, ಕೆಲವು ಮೆಟ್ಟಿಲುಗಳೇ ಕಾಣೆಯಾಗಿವೆ. ಹೊಸ ಸೆಟ್ ಕೇಳಿದರೆ ಈಗೆಲ್ಲ ಡಿಜಿಟಲ್ ಎಂದು ಉತ್ತರ ಬರುತ್ತದೆ.

ನಾನು ಯಂತ್ರದ ವೈರಿ ಅಲ್ಲ. ಕೋವಿಡ್ ಕಾಲದಲ್ಲಿ, 2020ರ ವಿದ್ಯಾಗಮ ಕಾರ್ಯಕ್ರಮದಲ್ಲಿ, ಗುಡಿಯ ಕಟ್ಟೆಯ ಮೇಲೆ ಕೂತು ಕಲಿಸುವಾಗ ಒಂದೇ ಫೋನಿನ ಸುತ್ತ ಮಕ್ಕಳು ಹೇಗೆ ಮುತ್ತಿಕೊಳ್ಳುತ್ತಿದ್ದರು ಎಂದು ಕಂಡಿದ್ದೇನೆ. ಹೃದಯ ಬಡಿಯುವುದನ್ನು, ಜ್ವಾಲಾಮುಖಿ ಉಕ್ಕುವುದನ್ನು ಸೀಮೆಸುಣ್ಣದಲ್ಲಿ ಎಷ್ಟು ತೋರಿಸಲಾದೀತು? ಆ ಬೋರ್ಡು ನನಗೆ ಬೇಕು, ಚಾದರ ಇಲ್ಲದೆ ಬೇಕು.

ಅದಕ್ಕಾಗಿ ತಮಗೂ ಮೂರು ಗುರಿಗಳನ್ನು ನಿಗದಿಪಡಿಸಿದ್ದೇನೆ. ಒಂದು, ಮಕ್ಕಳು ಬಳಸುವಾಗ ಕೆಟ್ಟ ಸಾಧನಕ್ಕೆ ವಸೂಲಿ ಇಲ್ಲವೆಂದು ಲಿಖಿತ ಆದೇಶ ಹೊರಡಿಸಿರಿ. ಬಳಸದೆ ಹೊಸದಾಗಿ ಉಳಿದ ಸಾಧನಕ್ಕೆ ಬೇಕಿದ್ದರೆ ಕಾರಣ ಕೇಳಿರಿ. ಎರಡು, ತಾಲ್ಲೂಕಿಗೊಬ್ಬ ರಿಪೇರಿ ಮಾಡುವವನನ್ನು ಕೊಡಿರಿ, ಅವನಿಗೊಂದು ಮೋಟರ್ ಸೈಕಲ್ಲಿಗೆ ಪೆಟ್ರೋಲು ಕೊಡಿರಿ. ಮೂರು, ಒಮ್ಮೆ ಕೊಟ್ಟ ಅಂಕಿಯನ್ನು ಮತ್ತೊಮ್ಮೆ ಕೇಳಬೇಡಿರಿ. ನಮ್ಮ ಸಾಲಿಯ ಶೌಚಾಲಯಗಳ ಸಂಖ್ಯೆ ಎಲ್ಲ ಕಚೇರಿಗಳಲ್ಲೂ ಇದೆ, ನೀರು ಬಂದ ದಿನ ನಾವಾಗಿಯೇ ಫೋನು ಮಾಡುತ್ತೇವೆ.

ಗುರಿ ಮುಟ್ಟಿದ ಫೋಟೊವನ್ನು ಈ ಪತ್ರಕ್ಕೆ ಲಗತ್ತಿಸಿರುವುದಿಲ್ಲ. ತಾವೇ ಬಂದು ನೋಡಬಹುದು. ಬರುವ ದಿನವನ್ನು ಮಾತ್ರ ಮೊದಲೇ ತಿಳಿಸಬೇಡಿರಿ.

ಇಂತಿ ತಮ್ಮ ವಿಧೇಯ,
ಸಾಲಿ ಮಾಸ್ತರ

ಪ್ರತಿಗಳು:
1. ಹೆಡ್ ಮಾಸ್ತರರಿಗೆ, ಬೀಗದ ಕೈ ಕೋರಿ.
2. ಎಸ್‌ಡಿಎಂಸಿ ಅಧ್ಯಕ್ಷರಿಗೆ, ಚಾದರ ತಮ್ಮ ಮನೆಯದಾಗಿದ್ದಲ್ಲಿ ಒಯ್ಯುವಂತೆ ವಿನಂತಿಸಿ.
3. ಐದನೆಯ ಇಯತ್ತೆಯ ಮಕ್ಕಳಿಗೆ, ಗಟ್ಟಿಯಾಗಿ ಓದುವ ಅಭ್ಯಾಸಕ್ಕಾಗಿ. ತಡವರಿಸಿದ ಶಬ್ದಗಳಿಗೆ ಗೆರೆ ಎಳೆದು ನನ್ನ ಹತ್ತಿರ ತರತಕ್ಕದ್ದು.
4. ಕಚೇರಿ ಪ್ರತಿ.