ದಾನಿವಾಹನ ಮೀಮಾಂಸೆ: ಶೀಳನೆರೆ ಸೀಮೆಯ ದೃಷ್ಟಿಯಿಂದ

ಹಳೆಯ ಕಾರಿನ ಸತ್ತ ಇಂಜಿನ್ ಇಳಿಸಿ ಅಲ್ಲಿ ಬೇರೊಂದು ಕಾರಿನ ಇಂಜಿನ್ ಕೂರಿಸುವ ಕರ್ಮದಲ್ಲಿ, ಇಂಜಿನ್ ಕೊಡುವ ಕಾರನ್ನು ‘ದಾನಿ’ ಎನ್ನುವುದು ವಾಡಿಕೆ. ದೋಷ ಈ ಪದದಿಂದಲೇ ಶುರುವಾಗುತ್ತದೆ. ಕರ್ಣ ದಾನಿ ಹೌದು. ಬೇಡಲು ಬಂದವನು ಯಾರೆಂದು ಗೊತ್ತಿದ್ದೂ ಕವಚ ಕುಂಡಲ ಕೊಯ್ದುಕೊಟ್ಟ, ಕೊಟ್ಟಮೇಲೂ ರಥ ಹತ್ತಿ ಯುದ್ಧಕ್ಕೆ ಹೋದ. ನಮ್ಮ ದಾನಿಯನ್ನು ಯಾರೂ ಬೇಡಿರುವುದಿಲ್ಲ, ಕೊಟ್ಟಮೇಲೆ ಅದು ಹೋಗುವುದು ಕಿಲೊ ಲೆಕ್ಕದಲ್ಲಿ ಗುಜರಿಗೆ. ಪದ ಚಾಲ್ತಿಯಲ್ಲಿರುವುದರಿಂದ ಇರಲಿ. ದಾನಿಯನ್ನು ಆರಿಸುವುದು ಹೇಗೆ ಎಂದು ಕೇಳಿದರೆ ವಾಹನಪಂಡಿತರು ಸಿ.ಸಿ. ಎಷ್ಟು, ಹಾರ್ಸ್‌ಪವರ್ ಎಷ್ಟು ಎಂದು ಲೆಕ್ಕ ಬಿಚ್ಚುತ್ತಾರೆ. ಪ್ರಸ್ತುತ ಪ್ರಬಂಧದ ವಾದ ಬೇರೆ. ಈ ಶಾಸ್ತ್ರ ಕೆ.ಆರ್. ಪೇಟೆ ತಾಲ್ಲೂಕಿಗೆ ಮೊದಲ ಕಾರು ಬರುವುದಕ್ಕೆ ಎಷ್ಟೋ ಮುಂಚೆ ಸಿದ್ಧವಾಗಿತ್ತು. ಅದರ ವಿದ್ಯಾಪೀಠ ಅಲ್ಲಿನ ಹೇಮಗಿರಿಯ ದನಗಳ ಜಾತ್ರೆ. ಇಂಜಿನ್ ಸತ್ತ ಅಂಬಾಸಿಡರ್ ಎಂದರೆ ಜೊತೆ ಕಳೆದುಕೊಂಡ ಎತ್ತು. ಅಂಥ ಎತ್ತಿಗೆ ಶೀಳನೆರೆ ಹೋಬಳಿಯ ರೈತ ಜಾತ್ರೆಯಲ್ಲೆಲ್ಲ ಬಲವಾದ ಎತ್ತನ್ನು ಹುಡುಕುವುದಿಲ್ಲ, ಅದಕ್ಕೆ ಜೋಡಿಯಾಗುವುದನ್ನು ಹುಡುಕುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಇಂಜಿನಿಯರಿಂಗ್ ಪಠ್ಯದಲ್ಲಿ ಸೇರಿಸದೆ ಇರುವುದು ನಮ್ಮ ಶಿಕ್ಷಣದ ದೊಡ್ಡ ಲೋಪ.

ಮೊದಲು ಪರೀಕ್ಷಾವಿಧಾನವನ್ನು ನೋಡೋಣ. ಹಳ್ಳಿಕಾರ್ ಎತ್ತನ್ನು ನೋಡುವವನು ಕೊಂಬಿನ ಹೊಳಪಿಗೆ ಮರುಳಾಗುವುದಿಲ್ಲ. ಕೊಂಬು ಹೆರೆದು ಎಣ್ಣೆ ಹಚ್ಚಿರುವುದೇ ವಯಸ್ಸು ಮರೆಸಲು ಎಂದು ಅವನಿಗೆ ಗೊತ್ತು. ಹೆಬ್ಬೆರಳಿನಿಂದ ತುಟಿ ಎತ್ತಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ನೋಡುತ್ತಾನೆ. ಆಮೇಲೆ ಸುಳಿ, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನಡಿಗೆ. ಗುಜರಿಯಲ್ಲಿ ಡೀಸೆಲ್‌ನಿಂದ ತೊಳೆದು ಸಿಲ್ವರ್ ಪೇಂಟ್ ಬಳಿದಿಟ್ಟ ಇಂಜಿನ್ ಈ ಎಣ್ಣೆ ಹಚ್ಚಿದ ಕೊಂಬಿನ ಖಾಸಾ ತಮ್ಮ. ಅದರ ಹಲ್ಲು ಇರುವುದು ಎಣ್ಣೆ ಹುಯ್ಯುವ ಮುಚ್ಚಳದ ಒಳಮೈಯಲ್ಲಿ. ಬಿಚ್ಚಿ ನೋಡಿದಾಗ ಕಡೆದ ಮಜ್ಜಿಗೆಯ ಹಾಗೆ ಬೆಳ್ಳನೆ ನೊರೆ ಕಂಡರೆ ಎಣ್ಣೆಗೆ ನೀರು ಬೆರೆತಿದೆ, ಬಹುಪಾಲು ಹೆಡ್ ಗ್ಯಾಸ್ಕೆಟ್ ಹೋಗಿದೆ. ಸ್ಟಾರ್ಟ್ ಮಾಡಿ ಅದೇ ಮುಚ್ಚಳ ತೆಗೆದಾಗ ಪುಸುಪುಸು ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದಿದೆ, ಅಂದರೆ ಬಾಯಿಗೂಡಿ ಬಹಳ ವರ್ಷವಾಗಿದೆ. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು ತೆಗೆದಾಗ ಒಣಮಸಿ ಹತ್ತಿದರೆ ಚಿಂತೆಯಿಲ್ಲ, ಜಿಡ್ಡುಮಸಿ ಹತ್ತಿದರೆ ಅದು ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುತ್ತಿದೆ. ಕಾರಿನಿಂದ ಇಳಿಸಿ ನೆಲದ ಮೇಲಿಟ್ಟ ಇಂಜಿನ್ನಿನಲ್ಲಿ ಇವುಗಳಲ್ಲಿ ಅರ್ಧವನ್ನೂ ನೋಡಲಾಗದು. ಓಡುವ ಕಾರನ್ನೇ ಇಡಿಯಾಗಿ ಕೊಳ್ಳಬೇಕು ಎಂಬ ಮೊದಲ ಸೂತ್ರ ಹುಟ್ಟುವುದು ಇಲ್ಲಿ. ಮಲಗಿದ ಎತ್ತಿಗೆ ಜಾತ್ರೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ.

ಇಡಿಯಾಗಿ ಕೊಳ್ಳುವುದಕ್ಕೆ ಇತಿಹಾಸದ ಬೆಂಬಲವೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅಲ್ಲಿನ ದೊರೆಯ ಅಮೃತಮಹಲ್ ಎತ್ತುಗಳು ಇಂಗ್ಲಿಷರ ತೋಪು ಎಳೆದವು. ಗಾಡಿ ಒಬ್ಬರದು, ಎಳೆಯುವ ಶಕ್ತಿ ಇನ್ನೊಬ್ಬರದು. ಇಂಜಿನ್ ಬದಲಾವಣೆಗೆ ಇದಕ್ಕಿಂತ ಶುದ್ಧವಾದ ಲಕ್ಷಣ ಸಿಗದು. ಆದರೆ ಆ ಎತ್ತುಗಳ ಬಲವೆಲ್ಲ ಇದ್ದದ್ದು ಅವು ಮೇಯುವ ಕಾವಲುಗಳಲ್ಲಿ, ಅವನ್ನು ಸಾಕುವ ಚಾಕರಿಯ ಏರ್ಪಾಟಿನಲ್ಲಿ. ಆ ಏರ್ಪಾಟು ಸಡಿಲವಾದಾಗ ಹಿಂಡು ಸೊರಗಿ, 1813ರಲ್ಲಿ ಮದ್ರಾಸಿನ ಸೇನೆ ಅದನ್ನು ಮತ್ತೆ ತಾನೇ ವಹಿಸಿಕೊಳ್ಳಬೇಕಾಯಿತು. ಇಂಜಿನ್ನಿನ ಕಾವಲು ಯಾವುದು? ಗೇರ್‌ಬಾಕ್ಸ್, ಬೆಲ್ ಹೌಸಿಂಗ್, ರೇಡಿಯೇಟರ್, ಆಕ್ಸಿಲರೇಟರ್ ಕೇಬಲ್, ವೈರಿಂಗ್, ಕೊನೆಗೆ ಸೈಲೆನ್ಸರ್ ಹಿಡಿದಿರುವ ರಬ್ಬರ್ ಬಳೆ ಕೂಡ. ಇವುಗಳನ್ನು ಬಿಟ್ಟು ಬರೀ ಇಂಜಿನ್ ತಂದವನು ಉಳಿದದ್ದನ್ನು ಒಂದೊಂದಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವಾಗ, ಇಡೀ ಕಾರಿನ ಬೆಲೆ ಬಿಡಿಭಾಗಗಳಲ್ಲಿ ಖರ್ಚಾಗಿರುತ್ತದೆ.

ಎರಡನೆಯ ಸೂತ್ರವಾದ ಜೋಡಿಗೆ ಸಾಕ್ಷ್ಯವನ್ನು ಭಾರತದ ಕಾರು ಕಾರ್ಖಾನೆಗಳೇ ಒದಗಿಸಿವೆ. ನಿಜ ಹೇಳಬೇಕೆಂದರೆ ನಮ್ಮ ಕಾರುಗಳ ಚರಿತ್ರೆಯೆಲ್ಲ ದಾನಿಗಳ ಆಯ್ಕೆಯ ಚರಿತ್ರೆ. 1985ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಇಂಗ್ಲೆಂಡಿನ ರೋವರ್ ಎಸ್‌ಡಿ1ರ ಚೆಂದದ ಮೈ ತರಿಸಿ, ಅದರೊಳಗೆ ಓಬೀರಾಯನ ಕಾಲದ ವ್ಯಾನ್‌ಗಾರ್ಡ್ ವಂಶದ 1991 ಸಿ.ಸಿ. ಇಂಜಿನ್ ಇಟ್ಟು ಸ್ಟ್ಯಾಂಡರ್ಡ್ 2000 ಎಂದು ಹೆಸರಿಟ್ಟಿತು. ಮದುಮಗನ ಪೇಟ, ಮುತ್ತಾತನ ಮೊಣಕಾಲು. ಕೆಲವೇ ವರ್ಷಗಳಲ್ಲಿ ಕಾರು ನಿಂತಿತು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ವಾಕ್ಸ್‌ಹಾಲ್ ವಿಕ್ಟರ್‌ನ ಭಾರಿ ಮೈಗೆ ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನನ್ನೇ ಕಟ್ಟಿ ಕಾಂಟೆಸ್ಸಾ ಹೊರಡಿಸಿತು. ಎಳೆಯಲಾರದೆ ಏದುಸಿರು ಬಿಟ್ಟದ್ದು ಊರಿಗೇ ಕೇಳಿಸಿತು. ಬಳಿಕ ಇಸುಝುವಿನ 1817 ಸಿ.ಸಿ. ಇಂಜಿನ್ ಬಂದಮೇಲೆ ಅದು ಕಾರಾಯಿತು. ಅದೇ ಇಸುಝು ಇಂಜಿನ್ ಐದು ಗೇರಿನ ಸಮೇತ 1990ರ ದಶಕದಲ್ಲಿ ಅಂಬಾಸಿಡರಿಗೂ ಬಂದು ಅದು 1800 ಐಎಸ್‌ಝಡ್ ಆಯಿತು. ಫಿಯೆಟ್ 124ರ ಮೈಗೆ ನಿಸ್ಸಾನಿನ 1171 ಸಿ.ಸಿ. ಇಂಜಿನ್ ಸೇರಿ ಪ್ರೀಮಿಯರ್ 118 ಎನ್ಇ ಆಯಿತು, ಅದು ಬಾಳಿತು. ನಮ್ಮ ತಾಲ್ಲೂಕಿನ ಕಿಕ್ಕೇರಿಯ ಹೊಯ್ಸಳ ಬ್ರಹ್ಮೇಶ್ವರ ದೇವಾಲಯ ಕಟ್ಟಿದ್ದು 1171ನೇ ಇಸವಿಯಲ್ಲಿ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸಂಶೋಧನೆಯ ಶಿಸ್ತಿಗೆ ಒಪ್ಪದು. ಇದು ಕಾಕತಾಳೀಯವೆನ್ನುವವರು ಜಪಾನಿನಲ್ಲಿ ಹೊಯ್ಸಳ ಪ್ರಭಾವವಿರಲಿಲ್ಲವೆಂದು ಮೊದಲು ಸಾಧಿಸಲಿ.

ಇನ್ನು ಪೂರ್ವಪಕ್ಷ. ಮಾರುತಿ 800 ಊರೂರಿಗೆ ಸಿಗುತ್ತದಲ್ಲ, ಅದೇ ದಾನಿಯಾಗಲಿ ಎನ್ನುವವರುಂಟು. ಅದರ ಇಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಅಂಬಾಸಿಡರಿನದು ಉದ್ದಕ್ಕೆ ಕೂತು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ. ನೊಗಕ್ಕೆ ಅಡ್ಡ ನಿಂತ ಎತ್ತಿನಿಂದ ಗಾಡಿ ಹೂಡಲಾಗದು. ಬುದ್ಧಿವಂತ ಆಕ್ಷೇಪಕ ಮಾರುತಿಯದೇ ಆಮ್ನಿ ವ್ಯಾನನ್ನು ಮುಂದಿಡುತ್ತಾನೆ: ಅದೇ 796 ಸಿ.ಸಿ., ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರವನ್ನೇ ತಿರುಗಿಸುತ್ತದೆ. ಒಪ್ಪಿದೆ, ದಿಕ್ಕು ಸರಿ. ಆದರೆ ಒಂದು ಟನ್ನಿಗೂ ಮಿಕ್ಕಿದ ಮೈಗೆ ಮೂರು ಸಿಲಿಂಡರ್ ಕಟ್ಟುವುದು ಕಬ್ಬಿನ ಗಾಡಿಗೆ ಕರು ಹೂಡಿದಂತೆ. ಹಾಗಾದರೆ ಟ್ರ್ಯಾಕ್ಸಿನ ಮರ್ಸಿಡಿಸ್ ವಂಶದ 2.4 ಲೀಟರ್ ಡೀಸೆಲ್ ಎಂದು ಇನ್ನೊಬ್ಬ. ಕೋಣ ಬಂದಿದ್ದು ಇದೀಗ. ಅದರ ಭಾರಕ್ಕೆ ಅಂಬಾಸಿಡರಿನ ಮೂತಿ ನೆಲ ಮೂಸುತ್ತದೆ, ಅದು ಕೊಡುವ ವೇಗವನ್ನು ಹಳೆಯ ಕಾರಿನ ನಾಲ್ಕು ಡ್ರಮ್ ಬ್ರೇಕುಗಳು ಹಿಂದಕ್ಕೆ ಪಡೆಯಲಾರವು. ಎಳೆಯುವುದಕ್ಕೆ ಮಾತ್ರ ಜೋಡಿ ಸಾಲದು, ನಿಲ್ಲುವುದಕ್ಕೂ ಜೋಡಿ ಬೇಕು. ಎತ್ತು ಜೀವ, ಇಂಜಿನ್ ಕಬ್ಬಿಣ, ಹೋಲಿಕೆಯೇ ಸಲ್ಲದು ಎಂಬ ತತ್ತ್ವಜ್ಞಾನದ ಆಕ್ಷೇಪಕ್ಕೆ ಇಷ್ಟೇ ಉತ್ತರ: ಎರಡನ್ನೂ ದಳ್ಳಾಳಿಯೇ ಮಾರುತ್ತಾನೆ.

ಹೀಗೆ ಜಾಲಾಡಿದಾಗ ಹಳೆಯ ಅಂಬಾಸಿಡರಿಗೆ ಉಳಿಯುವ ಜೋಡಿ ಒಂದೇ, ಓಡುವ 1800 ಐಎಸ್‌ಝಡ್; ಅದು ಸಿಗದಿದ್ದರೆ ಅದೇ ಇಂಜಿನ್ನಿನ ಕಾಂಟೆಸ್ಸಾ. ಓಡುವ ಅಂಬಾಸಿಡರೇ ಸಿಕ್ಕಮೇಲೆ ಅದನ್ನೇ ಓಡಿಸಬಾರದೇ ಎಂದು ಮನೆಯವರು ಕೇಳುತ್ತಾರೆ. ಆ ಆಕ್ಷೇಪ ಬಲವಾಗಿದೆ, ಆದ್ದರಿಂದ ಅದನ್ನು ಈ ಪ್ರಬಂಧದ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಹೊರಗಿಡಲಾಗದ್ದು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ತಾಳೆ ತಪ್ಪುವಂತೆ ವಾಹನವನ್ನು ಮಾರ್ಪಡಿಸಬಾರದು. 2021ರ ವಿಂಟೇಜ್ ನಿಯಮ 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಕಾರಿಗೆ ಮಾತ್ರ ಆ ಗೌರವ ಕೊಡುತ್ತದೆ; ಜಪಾನಿನ ಇಂಜಿನ್ ಕೂತ ದಿನ ಅದೂ ಹೋಯಿತು. ಆದ್ದರಿಂದ ಓದುಗರಲ್ಲಿ ಕೋರಿಕೆ ಒಂದೇ. ಇಂಜಿನ್ ಎತ್ತುವ ಚೈನ್ ಪುಲ್ಲಿ ಬಾಡಿಗೆಗೆ ತರುವ ಮುಂಚೆ ಆರ್.ಸಿ. ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ದಾನಿ ಕಾರಿನಲ್ಲೇ ಹೋಗಬೇಕೆಂದಿದ್ದರೆ, ಇಂಜಿನ್ ಇಳಿಸುವ ಮುಂಚೆಯೇ ಹೋಗಿ.