ಫೋರ್‌ಮನ್ನರ ಆಯಿಲ್ ಸೀಲು

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಾಗಲಿ, ಭದ್ರಾವತಿಯ ಬಿ.ಎಚ್. ರಸ್ತೆ ಬದಿಯ ತಗಡಿನ ಗ್ಯಾರೇಜಾಗಲಿ, ಹಳೇ ಲಾರಿಯ ಬಾನೆಟ್ ಎತ್ತಿದರೆ ಸಾಕು, ಪಕ್ಕದಲ್ಲಿ ಒಬ್ಬರು ಬಂದು ನಿಂತಿರುತ್ತಾರೆ. ಕೈ ಹಿಂದಕ್ಕೆ ಕಟ್ಟಿರುತ್ತದೆ. ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕ ಒಂದು ಟೆಸ್ಟರ್. ಗಿರಾಕಿಯಲ್ಲ, ಮೆಕ್ಯಾನಿಕ್ಕಲ್ಲ, ಸ್ಪೇರ್ ಪಾರ್ಟ್ಸ್ ಅಂಗಡಿಯವರೂ ಅಲ್ಲ. ಇವರು ಫೋರ್‌ಮನ್ನರು. ಕಾರ್ಖಾನೆಯಿಂದ ರಿಟೈರ್ ಆಗುವಾಗ ಇನ್ನೂ ಫಿಟ್ಟರೇ ಆಗಿದ್ದರು. ಆಮೇಲಿನ ಪ್ರಮೋಷನ್ ಗ್ಯಾರೇಜಿನವರು ಕೊಟ್ಟದ್ದು.

ಭದ್ರಾವತಿಯವರ ಬಾಯಲ್ಲಿ ಕಾರ್ಖಾನೆ ಅಂದರೆ ಕಬ್ಬಿಣದ್ದು. ಇನ್ನೊಂದಕ್ಕೆ ಪೇಪರ್ ಮಿಲ್ ಅನ್ನುವ ಬೇರೆ ಹೆಸರಿದೆ. ಅದು ಬಾಗಿಲು ಹಾಕಿ ಎಷ್ಟೋ ವರ್ಷವಾದರೂ ಹೆಸರು ಹಾಗೇ ಉಳಿದಿದೆ. ವಿಶ್ವೇಶ್ವರಯ್ಯನವರ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರಲ್ಲಿ. ನಮ್ಮ ಫೋರ್‌ಮನ್ನರು ಹುಟ್ಟಿದ್ದು ಅದಾಗಿ ಮೂವತ್ತು ವರ್ಷದ ಮೇಲೆ. ಆದರೂ 'ಸರ್ ಎಂ.ವಿ. ಏನ್ ಹೇಳೋರು ಅಂದ್ರೆ' ಎಂದು ಅವರು ಮಾತು ಶುರು ಮಾಡಿದರೆ, ನಿನ್ನೆ ಸಾಯಂಕಾಲ ಜನ್ನಾಪುರದ ಕಟ್ಟೆಯ ಮೇಲೆ ಇಬ್ಬರೂ ಕೂತು ಕಾಫಿ ಕುಡಿದಿದ್ದರು ಅನ್ನಿಸಬೇಕು. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಅಲ್ಲಿ ಊದು ಕುಲುಮೆಯ ಝಳದಲ್ಲಿ ಸರ್ವಿಸ್ ಮುಗಿಸಿದವರ ಕಣ್ಣಿಗೆ ಲಾರಿಯ ಇಂಜಿನ್ ಒಂದು ಬೆಂಕಿಪೊಟ್ಟಣ.

ಈ ಸಲ ಅವರ ಕೈಗೆ ಸಿಕ್ಕಿದ್ದು ಗಾಜನೂರು ಕಡೆಯ ಗೌಡರೊಬ್ಬರ ಟಾಟಾ 1210. ಇಟ್ಟಿಗೆ, ಹುಲ್ಲು, ಒಮ್ಮೊಮ್ಮೆ ಮದುವೆಯ ಪಾತ್ರೆ ಸಾಮಾನು ಹೇರುವ ಗಾಡಿ. ಮಳೆಗಾಲ ಪೂರ್ತಿ ಕೊಟ್ಟಿಗೆಯ ಪಕ್ಕ ನಿಂತಿತ್ತು. ಎಂಟು ವರ್ಷ ದಾಟಿದ ಲಾರಿಗೆ ವರ್ಷ ವರ್ಷವೂ ಎಫ್.ಸಿ. ಆಗಬೇಕು; ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಂತ ಜಾಗದಲ್ಲೇ ಎಣ್ಣೆ ಸುರಿಸಿದರೆ ಆಗುವುದಿಲ್ಲ. ಅದಕ್ಕೇ ಗೌಡರು ಗ್ಯಾರೇಜಿಗೆ ಬಂದದ್ದು. ಇಲ್ಲದಿದ್ದರೆ ಅವರು ಬರುವ ಪೈಕಿಯಲ್ಲ. ಡೀಸೆಲ್ ಟ್ಯಾಂಕ್ ಜಿನುಗಿದರೆ ಬಾರ್ ಸೋಪು ಮೆತ್ತುತ್ತಾರೆ, ರೇಡಿಯೇಟರ್ ಸೋರಿದರೆ ಅರಿಶಿನಪುಡಿ ಹಾಕುತ್ತಾರೆ, ಮಿಕ್ಕ ಎಲ್ಲದಕ್ಕೂ ಎಂ-ಸೀಲ್. ಯಾರಾದರೂ ಗಾಡಿ ಹಳೇದಾಯ್ತು ಅಂದರೆ, 1954ರಲ್ಲಿ ಟಾಟಾದವರು ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡ ಕತೆ ತೆಗೆಯುತ್ತಾರೆ. ಆ ಒಪ್ಪಂದ 1969ಕ್ಕೇ ಮುಗಿದದ್ದನ್ನು ಅವರಿಗೆ ಹೇಳುವ ಧೈರ್ಯ ಇದುವರೆಗೆ ಯಾರೂ ಮಾಡಿಲ್ಲ.

ಲಾರಿಯ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಕಪ್ಪು ಹನಿ ಬೀಳುತ್ತಿತ್ತು, ಗೇರ್ ಬಾಕ್ಸ್ ಇಂಜಿನ್ನಿಗೆ ಸೇರುವ ಬೆಲ್ ಹೌಸಿಂಗಿನ ನೇರಕ್ಕೆ. ಫೋರ್‌ಮನ್ನರು ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. ಹನಿಯನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿದರು, ಮೂಸಿದರು, ಬೆಳಕಿಗೆ ಹಿಡಿದರು. "ಗೇರ್ ಆಯಿಲ್ ಅಲ್ಲ. ಅದಾಗಿದ್ರೆ ಗಬ್ಬು ವಾಸನೆ ಬರ್ಬೇಕಿತ್ತು. ಇದು ಇಂಜಿನ್ ಆಯಿಲ್ಲು." ಇಷ್ಟೂ ನಿಜ. ಫೋರ್‌ಮನ್ನರ ಅಪಾಯ ಇರುವುದೇ ಇಲ್ಲಿ, ಅರ್ಧ ದಾರಿಯವರೆಗೆ ಅವರು ಯಾವತ್ತೂ ಸರಿಯಾಗಿಯೇ ಹೋಗುತ್ತಾರೆ.

"ಹಿಂದಿನ ಆಯಿಲ್ ಸೀಲ್ ಹೋಗಿದೆ. ಗೇರ್ ಬಾಕ್ಸ್ ಇಳಿಸ್ಬೇಕು."

ಈ ವಾಕ್ಯ ಹೇಳುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತದೆ. ಸಣ್ಣ ಕಾಯಿಲೆ ಅವರಿಗೆ ಸೇರುವುದಿಲ್ಲ. ಡ್ರೈನ್ ಪ್ಲಗ್ಗಿನ ತಾಮ್ರದ ವಾಷರ್ ಸವೆದಿರಬಹುದು, ಫಿಲ್ಟರ್ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದೆಲ್ಲ ಹೇಳುವುದಕ್ಕೆ ಫೋರ್‌ಮನ್ನರು ಯಾಕೆ ಬೇಕು? ಗೇರ್ ಬಾಕ್ಸ್ ಇಳಿಯಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ಹೊರಗೆ ಬರಬೇಕು, ನಾಲ್ಕು ಜನ ಹೆಗಲು ಕೊಡಬೇಕು. ಕಾರ್ಖಾನೆಯಲ್ಲಿ ಶಟ್‌ಡೌನ್ ಅಂದರೆ ಹೀಗೇ ಅಲ್ಲವೆ. ಗೌಡರ ಮುಖ ಮಾತ್ರ ಆ ರಟ್ಟಿನ ಬಣ್ಣಕ್ಕೆ ತಿರುಗಿತು.

ಮೆಕ್ಯಾನಿಕ್ ಭಾಯ್ ಮಾತಾಡುವವರಲ್ಲ. ಹುಡುಗನಿಗೆ ಡೀಸೆಲ್ ಡಬ್ಬಿ, ಬ್ರಷ್ಷು ತರಲು ಹೇಳಿದರು. "ಮೊದ್ಲು ತೊಳೀರಿ."

ಫೋರ್‌ಮನ್ನರಿಗೆ ಇದು ಎಂದೂ ಆಗಿಬಂದಿಲ್ಲ. ಜಿಡ್ಡು, ಧೂಳು, ಎಣ್ಣೆ ಮೂರೂ ಸೇರಿ ಒಂದು ಬೆರಳು ದಪ್ಪ ಕೂತ ಇಂಜಿನ್ನಿನ ಮೇಲೆ ಯಾವ ವಾದವನ್ನಾದರೂ ಮಂಡಿಸಬಹುದು. ತೊಳೆದಿಟ್ಟರೆ ಆ ಅವಕಾಶ ಹೋಗುತ್ತದೆ. "ಸಾಕ್ಷಿ ಎಲ್ಲಾ ತೊಳ್ಕೊಂಡು ಹೋಗುತ್ತೆ ಭಾಯ್" ಎಂದರು. ಭಾಯ್ ಬನಿಯನ್ ವೇಸ್ಟಿನಲ್ಲಿ ಒರೆಸಿ, ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿದರು. ಆಮೇಲೆ ಹುಡುಗ ಪಕ್ಕದ ಅಂಗಡಿಯಿಂದ ತಂದ ಮುಖದ ಪೌಡರನ್ನು ಮೇಲಿಂದ ಕೆಳಗಿನವರೆಗೆ ಉದುರಿಸಿದರು. ಆರು ಸಿಲಿಂಡರಿನ ಟಾಟಾ ಇಂಜಿನ್ನು ದಿಬ್ಬಣಕ್ಕೆ ಹೊರಟ ಮದುಮಗಳ ಹಾಗೆ ಘಮಘಮ ಎಂದಿತು. "ಕುಂಕುಮಾನೂ ಇಡಿ" ಎಂದರು ಫೋರ್‌ಮನ್ನರು.

ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಓಡಲು ಬಿಟ್ಟರು. ಕೆಳಗೆ ಹನಿ ಬೀಳುವ ಮೊದಲೇ ಮೇಲೆ, ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ, ಬಿಳಿ ಪೌಡರಿನ ನಡುವೆ ಒಂದು ಕಪ್ಪು ಗೆರೆ ಮೂಡಿತು. ಅದು ನಿಧಾನವಾಗಿ ಇಳಿದು, ಬ್ಲಾಕಿನ ಬೆನ್ನಿಗಂಟಿ ಹರಿದು, ಸೀದಾ ಬೆಲ್ ಹೌಸಿಂಗಿನ ಮೇಲೆ ಹೋಗಿ ಕೂತಿತು. ಎಣ್ಣೆ ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಗಾಡಿ ಓಡುವಾಗ ಗಾಳಿಯೂ ಅದನ್ನು ಹಿಂದಕ್ಕೇ ತಳ್ಳುತ್ತದೆ.

"ಟ್ಯಾಪೆಟ್ ಕವರ್ ಪ್ಯಾಕಿಂಗ್" ಎಂದರು ಗೌಡರು, ಜೀವ ಬಂದವರಂತೆ. ನಾಲ್ಕು ಜನ ಹೆಗಲು ಕೊಡುವ ಕೆಲಸ ಹೋಗಿ ಒಂದು ಕಾರ್ಕ್ ಪ್ಯಾಕಿಂಗಿಗೆ ಬಂತು.

ಭಾಯ್‌ಗೆ ಅಷ್ಟಕ್ಕೇ ಸಮಾಧಾನವಿಲ್ಲ. ಹೋದ ವರ್ಷವಷ್ಟೇ ಹಾಕಿದ ಪ್ಯಾಕಿಂಗ್ ಯಾಕೆ ಹೋಯಿತು? ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರು. ಫುಸ್ ಎಂದು ಗಾಳಿ ನುಗ್ಗಿ ಬಂತು, ಆಮೇಲೆ ಗಾಳಿಯೂ ನಿಂತಿತು, ಜಿನುಗುವುದೂ ನಿಂತಿತು. ಸುಮಾರು ಓಡಿದ ಇಂಜಿನ್ನಿನಲ್ಲಿ ರಿಂಗಿನ ಪಕ್ಕದಿಂದ ಒಂದಿಷ್ಟು ಹೊಗೆ ಕೆಳಗಿಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬ್ರೀದರ್ ಪೈಪು ಇರುವುದು. ಆ ದಾರಿ ಕಟ್ಟಿದರೆ ಒಳಗಿನ ಒತ್ತಡ ಯಾವ ಪ್ಯಾಕಿಂಗ್ ಮೆತ್ತಗಿದೆಯೋ ಅದನ್ನು ಹುಡುಕಿಕೊಂಡು ಹೋಗುತ್ತದೆ. ರಿಂಗುಗಳೇ ಪೂರ್ತಿ ಸವೆದಿದ್ದರೆ ಮುಚ್ಚಳ ತೆಗೆದ ಮೇಲೂ ಹೊಗೆ ಬುಸುಬುಸು ಬರುತ್ತಲೇ ಇರಬೇಕಿತ್ತು.

ಇಂಜಿನ್ ಆಫ್ ಮಾಡಿ ಬ್ರೀದರ್ ಪೈಪು ಬಿಚ್ಚಿದರು. ಕೆಳಗಿನ ಬಾಯಲ್ಲಿ ತಂತಿ ತೂರಿಸಿ ತಿರುವಿದರೆ ಹೆಬ್ಬೆರಳು ಗಾತ್ರದ ಮಣ್ಣಿನ ಗಟ್ಟಿ ಕಳಚಿ ಬಿತ್ತು. ಒಡೆದು ನೋಡಿದರೆ ಒಳಗೆ ಸಾಲಾಗಿ ಜೋಡಿಸಿಟ್ಟ, ಒಣಗಿದ ಹಸಿರು ಹುಳಗಳು. ಮಳೆಗಾಲದಲ್ಲಿ ನಿಂತ ಲಾರಿಯನ್ನು ಕುಂಬಾರ ಹುಳ ಸ್ವಂತ ಮನೆ ಮಾಡಿಕೊಂಡು, ಮರಿಗಳಿಗೆ ರೇಷನ್ ಕೂಡ ತುಂಬಿಟ್ಟು ಹೋಗಿತ್ತು.

ಫೋರ್‌ಮನ್ನರು ಮಣ್ಣಿನ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಗಂಭೀರವಾಗಿ ನೋಡಿದರು. "ನಾ ಹೇಳ್ಲಿಲ್ವಾ? ಒಳಗೆ ಪ್ರೆಷರ್ ಇದೆ ಅಂತ." ಹೇಳಿರಲಿಲ್ಲ. "ಹೇಳಿದ್ರಿ ಸಾಹೇಬ್ರೇ" ಎಂದರು ಭಾಯ್. ಗ್ಯಾರೇಜು ನಡೆಸುವ ವಿದ್ಯೆಯಲ್ಲಿ ಸ್ಪ್ಯಾನರ್ ಹಿಡಿಯುವುದು ಅರ್ಧ ಭಾಗ ಮಾತ್ರ.

ಹೊಸ ಕಾರ್ಕ್ ಪ್ಯಾಕಿಂಗ್ ಕೂರಿಸುವಾಗ ಮೇಲ್ವಿಚಾರಣೆ ಫೋರ್‌ಮನ್ನರದೇ. ಭಾಯ್ ಬೋಲ್ಟುಗಳನ್ನು ಒಂದೊಂದಾಗಿ ಹದವಾಗಿ ಬಿಗಿಯುತ್ತಾ ಬಂದರೆ, ಇವರು ಪ್ರತಿಯೊಂದಕ್ಕೂ "ಇನ್ನೊಂದು ಸುತ್ತು" ಅನ್ನುತ್ತಿದ್ದರು. ಹಾಗೆ ಬಿಗಿದರೆ ಕಾರ್ಕ್ ಹಿಚುಕಿ ಹೊರಗೆ ಬರುತ್ತದೆ, ಕವರಿನ ಅಂಚು ಸೊಟ್ಟಗಾಗುತ್ತದೆ. ಭಾಯ್ ಪ್ರತಿ ಸಲವೂ "ಆಯ್ತು ಸಾಹೇಬ್ರೇ" ಎಂದು ಸ್ಪ್ಯಾನರನ್ನು ಸುಮ್ಮನೆ ಒಮ್ಮೆ ಬೋಲ್ಟಿಗೆ ತಾಗಿಸಿ ಮುಂದಿನದಕ್ಕೆ ಹೋದರು.

ಮತ್ತೆ ಸ್ಟಾರ್ಟ್ ಮಾಡಿದರು. ಎಲ್ಲರೂ ಚಹಾ ಕುಡಿದು ಮುಗಿಸಿದರೂ ಹೊಸ ರಟ್ಟಿನ ಮೇಲೆ ಒಂದು ಹನಿ ಬೀಳಲಿಲ್ಲ. ಚಹಾದ ದುಡ್ಡು ಗೌಡರೇ ಕೊಟ್ಟರು. ಆದರೂ ಎದೆಯ ಮೂಲೆಯಲ್ಲಿ ಅಳುಕು ಹೋಗಿರಲಿಲ್ಲ. ಫೋರ್‌ಮನ್ನರ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಹಂಗಾದ್ರೆ ಗೇರ್ ಬಾಕ್ಸ್ ಇಳಿಸೋದು ಬೇಡ್ವಾ ಸಾರ್?"

ಫೋರ್‌ಮನ್ನರು ಲಾರಿಯನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿ, ಉದಾರ ಮನಸ್ಸಿನಿಂದ ಹೇಳಿದರು: "ಈ ವರ್ಷಕ್ಕೆ ಬೇಡ ಬಿಡಿ ಗೌಡ್ರೇ. ಮುಂದಿನ ಎಫ್.ಸಿ.ಗೆ ನೋಡಾಣ."